ಗೋಕಾಕದ ಹೊಳೆದಂಡೆಯ ಓಣಿಗಳು: ಎಬ್ಬಿಸಬೇಕೇ, ಅಲ್ಲೇ ಗಟ್ಟಿ ಮಾಡಬೇಕೇ?

ಹೊಳೆದಂಡೆಯವಳು

2019ರ ಆಗಸ್ಟ್, 2021ರ ಜುಲೈ, 2024ರ ಜುಲೈ. ಮೂರು ಸಲವೂ ಘಟಪ್ರಭಾ ಹೊಳೆಯ ಮೇಲಿನ ಲೋಳಸೂರ ಸೇತುವೆ ಮುಳುಗಿತು, ಮೂರು ಸಲವೂ ನಮ್ಮ ಓಣಿಯವರು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋದರು. ನೀರು ಇಳಿದ ಮೇಲೆ ಯಾರೋ ಬಂದು ಬಿಳಿ ಪುಡಿ ಉದುರಿಸಿ ಹೋಗುತ್ತಾರೆ, ಇನ್ಯಾರೋ ಬಂದು "ಶಾಶ್ವತ ಪರಿಹಾರ" ಎನ್ನುತ್ತಾರೆ. ಆ ಶಾಶ್ವತ ಪರಿಹಾರ ಏನು ಎಂದು ಕೇಳಿದರೆ ಒಬ್ಬರು ತಡೆಗೋಡೆ ಎನ್ನುತ್ತಾರೆ, ಇನ್ನೊಬ್ಬರು ಸ್ಥಳಾಂತರ ಎನ್ನುತ್ತಾರೆ. ಎಲ್ಲಿಗೆ, ಯಾರನ್ನು, ಯಾವ ಕಾಗದದ ಮೇಲೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆ ದನಗಳ ಪೇಟೆಯ ಆಸುಪಾಸಿನ ತಗ್ಗಿನ ಓಣಿಗಳನ್ನು ಎತ್ತರದ ಜಾಗಕ್ಕೆ ಒಯ್ಯಬೇಕು. ನನ್ನ ಅತ್ತೆಗೆ ಈ ಮಾತು ಕಿವಿಗೆ ಬಿದ್ದರೆ ಆ ದಿನ ಮನೆಯಲ್ಲಿ ಊಟವಿಲ್ಲ, ಅದು ಬೇರೆ ವಿಷಯ. ನದಿ ಊರಿನ ಸಿಟ್ಟಿನ ಮಂದಿ ಬರೆಯಿರಿ, ಪರಊರಿನವರೂ ಬರೆಯಿರಿ.

ಅಂಟು-ಉತ್ತತ್ತಿ

ಅಕ್ಕಾ, ನಾನು ಕರದಂಟು ಮಾಡುವವನು. ದೊಡ್ಡ ಬೋರ್ಡಿನ ಅಂಗಡಿಯಲ್ಲ, ಮಾಡಿ ಅಂಗಡಿಗಳಿಗೆ ಹಾಕುವವನು. ಕೆಲಸದ ಕೋಣೆ ಬಾಡಿಗೆಯದು.

2019ರಲ್ಲಿ ಮನೆ ಬಿದ್ದವರ ಫೋಟೊ ಎಲ್ಲ ಪತ್ರಿಕೆಯಲ್ಲಿ ಬಂದವು. ನಮ್ಮ ಕೋಣೆ ಬೀಳಲಿಲ್ಲ, ಕಲ್ಲಿನದು, ಗಟ್ಟಿಯಾಗಿ ನಿಂತಿತ್ತು. ಒಳಗೆ ಹೋಗಿ ನೋಡಿದರೆ ಅಂಟಿನ ಚೀಲಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಹತ್ತಿಕೊಂಡು, ಗೋಣಿಯ ಎಳೆಯಿಂದ ಹೊರಗೆ ಇಳಿದಿದ್ದವು. ಕೈ ಹಾಕಿದರೆ ಕೈ ಬರುವುದಿಲ್ಲ. ಬೆಲ್ಲದ ಪೆಂಟೆ ಇಟ್ಟ ಜಾಗದಲ್ಲಿ ಬೆಲ್ಲವೇ ಇರಲಿಲ್ಲ, ನೆಲಕ್ಕೆ ಒಂದು ಕಪ್ಪು ಕಲೆ ಅಷ್ಟೇ. ಒಣಕೊಬ್ಬರಿಗೆ ಬೂಷ್ಟು. ತುಪ್ಪದ ಡಬ್ಬಿಗಳು ತೇಲಿ ಹೋಗಿ ಪಕ್ಕದವರ ಹಿತ್ತಲಿನಲ್ಲಿ ಸಿಕ್ಕವು, ಮುಚ್ಚಳ ಗಟ್ಟಿ ಇದ್ದವನ್ನು ಉಳಿಸಿಕೊಂಡೆ. ಶ್ರಾವಣದ ಹಬ್ಬಗಳಿಗೆಂದು ಸಾಲ ಮಾಡಿ ತಂದ ಸರಕು ಅದು.

ಪಂಚನಾಮೆಗೆ ಬಂದವರು ಗೋಡೆ ನೋಡಿದರು. "ಗೋಡೆ ಚೆನ್ನಾಗಿದೆಯಲ್ಲ" ಎಂದರು. ಸರಕಿನ ಕಲಮೇ ಅವರ ಅರ್ಜಿಯಲ್ಲಿ ಇರಲಿಲ್ಲ. ಮನೆಯ ಮಾಲೀಕರ ಹೆಸರು ಬರೆದುಕೊಂಡು ಹೋದರು.

ಈಗ ನೀವು ಓಣಿಯನ್ನೇ ಒಯ್ಯಿರಿ ಎನ್ನುತ್ತೀರಿ. ಒಯ್ದರೆ ನಿವೇಶನ ಮಾಲೀಕರಿಗೆ. ನಾನು ಎಲ್ಲಿಗೆ?

ನಿವೃತ್ತ ಓವರ್ಸಿಯರ್

ಎಬ್ಬಿಸುವುದೋ ಬಿಡುವುದೋ ಎಂದು ಮಾತಾಡುವ ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳೋಣ. "ಹಿಡಕಲ್ ಡ್ಯಾಮಿನವರು ಒಮ್ಮೆಲೇ ಬಿಟ್ಟರು" ಎಂದು ಬೈದರೆ ಅರ್ಧ ಸತ್ಯ ಹೇಳಿದ ಹಾಗೆ.

ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಅದು ತಡೆಯುವುದು ಘಟಪ್ರಭೆಯ ನೀರನ್ನು. ಅಂಬೋಲಿ ಘಟ್ಟದಿಂದ ಸಂಕೇಶ್ವರದ ಮೇಲೆ ಹರಿದು ಬರುವ ಹಿರಣ್ಯಕೇಶಿ ನದಿ ಈ ಜಲಾಶಯದ ಕೆಳಗೆ ಬಂದು ಸೇರುತ್ತದೆ. ಅದಕ್ಕೆ ಹಿಡಕಲ್‌ನ ಕಡಿವಾಣವಿಲ್ಲ. ಬೆಳಗಾವಿ ಕಡೆಯಿಂದ ಮಾರ್ಕಂಡೇಯ ನದಿ ಬೇರೆ, ಬಳ್ಳಾರಿ ನಾಲಾ ಎಂಬ ಹಳ್ಳ ಬೇರೆ. ಘಟ್ಟದಲ್ಲಿ ಒಂದೇ ವಾರ ಎಲ್ಲ ಕಡೆ ಮಳೆ ಹೊಡೆದರೆ ಅಷ್ಟೂ ನೀರು ನಮ್ಮ ಊರಿನ ಹತ್ತಿರ ಕೂಡುತ್ತದೆ.

ಉಳಿದ ಅರ್ಧಕ್ಕೂ ಬರುತ್ತೇನೆ. ನಮ್ಮ ಕಡೆಯ ಜಲಾಶಯಗಳನ್ನು ಕಟ್ಟಿದ್ದು ಹೊಲಕ್ಕೆ ನೀರು ಕೊಡಲಿಕ್ಕೆ. ಮಳೆಗಾಲದಲ್ಲಿ ತುಂಬಿಸಿಕೊಳ್ಳದಿದ್ದರೆ ಬೇಸಿಗೆಗೆ ರೈತರ ಬೈಗುಳ, ತುಂಬಿಸಿಕೊಂಡರೆ ಆಗಸ್ಟಿನಲ್ಲಿ ಪ್ರವಾಹಕ್ಕೆ ಜಾಗವಿಲ್ಲ. ಗೇಟಿನ ಮೇಲೆ ಕುಳಿತ ಅಧಿಕಾರಿ ಎರಡೂ ಕಡೆ ಬೈಸಿಕೊಳ್ಳುತ್ತಾನೆ. ಜುಲೈನಲ್ಲಿ ಎಷ್ಟು ಜಾಗ ಖಾಲಿ ಇಡಬೇಕು ಎಂಬುದನ್ನು ಊರಿನವರ ಮುಂದೆ ಮೊದಲೇ ಹೇಳಿದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನು ದಂಡೆಯಲ್ಲಿ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ಗೆರೆ ಹಾಕುವ ಮಾದರಿ ಮಸೂದೆಯನ್ನು ಕೇಂದ್ರವು ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ ಕಾನೂನು ಮಾಡಿಕೊಂಡಿತು, ರಾಜಸ್ಥಾನ ಮಾಡಿಕೊಂಡಿತು. ನಾನು ನೌಕರಿಗೆ ಸೇರಿದಾಗ ಅದರ ಬಗ್ಗೆ ಮಾತಾಡುತ್ತಿದ್ದರು, ನಿವೃತ್ತನಾಗುವಾಗಲೂ ಮಾತಾಡುತ್ತಿದ್ದರು.

ಹೊಳೆದಂಡೆಯವಳು

ಓವರ್ಸಿಯರ್ ಸರ್, ವಿವರಕ್ಕೆ ಧನ್ಯವಾದ. ಆದರೆ ನೀವೇ ಹೇಳಿದಂತೆ ಇಷ್ಟೆಲ್ಲ ನೀರು ಕೂಡುವ ಜಾಗವಾದರೆ, ಅಲ್ಲಿ ಮನೆ ಇರಬಾರದು ಎಂದೇ ಅರ್ಥವಲ್ಲವೇ?

ಅಂಟು-ಉತ್ತತ್ತಿ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ತಲೆಯಲ್ಲಿ ಇಟ್ಟುಕೊಂಡಿದ್ದೇನೆ.

ತಡೆಗೋಡೆ ಪಕ್ಷ

ಇಷ್ಟು ಉದ್ದ ಏಕೆ? ಹೊಳೆಗೆ ಎರಡೂ ಕಡೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರೆ ಮುಗಿಯಿತು. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ಟೂವೂಂಬಾ ಕನ್ನಡಿಗ

ನಮಸ್ಕಾರ. ಹುಟ್ಟಿದ್ದು ಮೂಡಲಗಿ ಕಡೆ, ಈಗ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಗೋಡೆಯ ಮಾತು ಬಂದಿದ್ದರಿಂದ ಎರಡು ಊರಿನ ಕಥೆ ಹೇಳುತ್ತೇನೆ.

ಮೊದಲನೆಯದು ಲಿಸ್ಮೋರ್. ನಮ್ಮ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ಹಳ್ಳಿಗಾಡಿನ ಪಟ್ಟಣ, ವಿಲ್ಸನ್ಸ್ ನದಿಯ ದಂಡೆ. ಪೇಟೆಯನ್ನು ಉಳಿಸಲಿಕ್ಕೆಂದು 2005ರಲ್ಲಿ ಒಡ್ಡು ಕಟ್ಟಿಕೊಂಡರು. ನದಿ ಹತ್ತೂವರೆ ಮೀಟರ್ ಚಿಲ್ಲರೆ ಏರುವವರೆಗೆ ಅದು ತಡೆಯುತ್ತದೆ. 2022ರ ಫೆಬ್ರುವರಿ 28ರಂದು ನದಿ 14 ಮೀಟರ್ ದಾಟಿತು. ಹಿಂದಿನ ದಾಖಲೆಗಿಂತ ಎರಡು ಮೀಟರ್ ಮೇಲೆ. ಜನ ಮಾಳಿಗೆಯ ಹೆಂಚು ತಗಡು ಒಡೆದು ಮೇಲೆ ಕುಳಿತರು, ಸಣ್ಣ ದೋಣಿಗಳಿದ್ದ ಊರಿನವರೇ ಹೋಗಿ ಅವರನ್ನು ಇಳಿಸಿಕೊಂಡು ಬಂದರು. ಒಂದು ತಿಂಗಳಾಗಿತ್ತೋ ಇಲ್ಲವೋ, ಮಾರ್ಚ್ ಕೊನೆಗೆ ನೀರು ಮತ್ತೆ ಒಡ್ಡು ಹತ್ತಿ ಬಂತು. ಕೆಸರು ತೊಳೆದು ಬಣ್ಣ ಹಚ್ಚಿದ್ದವರು ಎರಡನೇ ಸಲ ತೊಳೆದರು. ಆಮೇಲೆ ಸರ್ಕಾರ ತೀರಾ ತಗ್ಗಿನ ಮನೆಗಳನ್ನು ಬೆಲೆ ಕೊಟ್ಟು ಖರೀದಿಸುವ, ಉಳಿದವುಗಳಲ್ಲಿ ಕೆಲವನ್ನು ಎತ್ತರಿಸುವ ಯೋಜನೆ ತಂದಿತು. ಅದರಲ್ಲೂ ಜಗಳ: ಯಾರ ಮನೆ ಯಾವ ಪಟ್ಟಿಯಲ್ಲಿ, ಏಕೆ ಇಷ್ಟು ತಡ, ಮಾರಿದವರು ಇದೇ ಊರಿನಲ್ಲಿ ಮತ್ತೆ ಎಲ್ಲಿ ಮನೆ ಕೊಳ್ಳಬೇಕು. ಗೋಡೆ ಬೇಡ ಎನ್ನುತ್ತಿಲ್ಲ. ಸಣ್ಣ ನೆರೆಗೆ ಗೋಡೆ ಒಳ್ಳೆಯದೇ. ಆದರೆ ಗೋಡೆ ಇದೆ ಎಂಬ ಧೈರ್ಯಕ್ಕೆ ಜನ ಸಾಮಾನು ಎತ್ತಿಡುವುದನ್ನೇ ಬಿಡುತ್ತಾರೆ.

ಎರಡನೆಯದು ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ, ಗ್ರಾಂಥಮ್. 2011ರ ಜನವರಿ 10ರಂದು ಲಾಕ್ಯರ್ ಹಳ್ಳದ ನೀರು ಊರಿನ ಮೇಲೆ ಹಾದು ಹೋಗಿ, ಆ ಪುಟ್ಟ ಊರಿನಲ್ಲೇ ಹನ್ನೆರಡು ಜನ ಸತ್ತರು. ಅಲ್ಲಿನ ಸ್ಥಳೀಯ ಸಂಸ್ಥೆ ಊರಿನ ಪಕ್ಕದ ದಿಬ್ಬದ ಮೇಲೆ 935 ಎಕರೆ ಖರೀದಿಸಿತು. ತಗ್ಗಿನ ನಿವೇಶನ ಬಿಟ್ಟುಕೊಟ್ಟರೆ ದಿಬ್ಬದ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಳತೆಯ ನಿವೇಶನ. ಒತ್ತಾಯವಿಲ್ಲ, ಬರುವವರು ಬರಬಹುದು. ಆಗಸ್ಟಿನಲ್ಲಿ ಚೀಟಿ ಎತ್ತಿ ನಿವೇಶನ ಹಂಚಿದರು, ಅದೇ ಡಿಸೆಂಬರ್‌ನಲ್ಲಿ ಮೊದಲ ಕುಟುಂಬಗಳು ಹೊಸ ಮನೆಯಲ್ಲಿದ್ದವು. ಒಂದು ವರ್ಷದೊಳಗೆ!

ನವನಗರ ವಾಸಿ

ಗ್ರಾಂಥಮ್ ಕೇಳಲಿಕ್ಕೆ ಚೆನ್ನಾಗಿದೆ. ಕೆಲವು ನೂರು ಜನರ ಊರು, ಪಕ್ಕದಲ್ಲೇ ದಿಬ್ಬ, ಎಲ್ಲರ ಹೆಸರಿನಲ್ಲೂ ಸ್ಪಷ್ಟ ಕಾಗದ. ನಮ್ಮಲ್ಲಿ ಅಜ್ಜನ ಹೆಸರಿನ ಉತಾರದ (ಆಸ್ತಿ ದಾಖಲೆಯ) ಮೇಲೆ ಎಂಟು ಜನ ಮೊಮ್ಮಕ್ಕಳು.

ಆಸ್ಟ್ರೇಲಿಯಾಕ್ಕೆ ಏಕೆ ಹೋಗಬೇಕು? ಆಲಮಟ್ಟಿ ಹಿನ್ನೀರಿಗೆಂದು ಒಂದು ಊರನ್ನೇ ಎತ್ತಿ ಇಟ್ಟಿದ್ದು ನಮ್ಮ ಬಾಗಲಕೋಟೆ. ಹೊಸ ಪಟ್ಟಣವಾದ ನವನಗರದ ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರ್ ಸೆಕ್ಟರ್ ಆಗಿ ಅಗಲ ರಸ್ತೆ, ಗಿಡಮರ. ನೆರೆಯ ಭಯ ಇಲ್ಲ, ನಾನು ನೆಮ್ಮದಿಯಾಗಿ ಮಲಗುತ್ತೇನೆ. ಆದರೆ ಮಗಳ ಮದುವೆಯ ಸೀರೆ ಕೊಳ್ಳಲಿಕ್ಕೆ ಇವತ್ತಿಗೂ ಹಳೆ ಬಾಗಲಕೋಟೆಯ ಪೇಟೆಗೇ ಹೋದೆ. ಸರ್ಕಾರ ಮನೆಗಳನ್ನು ಎತ್ತಿ ಇಟ್ಟಿತು, ಕಚೇರಿಗಳನ್ನು ಇಟ್ಟಿತು. ಪೇಟೆ ತನಗೆ ಬೇಕಾದ ಕಡೆ ಕುಳಿತುಕೊಂಡಿತು. ಹಳೆ ಊರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಗೋದಾಮು ಇದ್ದವನಿಗೆ ಹೊಸ ಊರಿನಲ್ಲಿ ಮಲಗುವ ಕೋಣೆ ಸಿಕ್ಕಿತು. ವ್ಯಾಪಾರಕ್ಕೆ ದಿನಾ ಬೈಕ್ ಹತ್ತಬೇಕು.

ಕರದಂಟಿನವರ ಪ್ರಶ್ನೆ ಸರಿಯಾದ ಪ್ರಶ್ನೆ. ಗೋಕಾಕದಲ್ಲಿ ಮೊದಲು ಎತ್ತರದಲ್ಲಿ ಬಾಡಿಗೆ ಮಳಿಗೆ ಕಟ್ಟಲಿ, ಆಮೇಲೆ ಮನೆಯ ಮಾತು.

ಟೂವೂಂಬಾ ಕನ್ನಡಿಗ

ಒಪ್ಪಿದೆ ಸರ್. ಗ್ರಾಂಥಮ್‌ನಲ್ಲೂ ಕೊಟ್ಟಿದ್ದು ನಿವೇಶನ ಮಾತ್ರ, ಮನೆ ಕಟ್ಟಿಕೊಳ್ಳಲು ವಿಮೆಯ ಹಣ, ದೇಣಿಗೆ, ಸಾಲ. ಕೆಲವರು ಹೋಗಲೇ ಇಲ್ಲ, ತಗ್ಗಿನಲ್ಲೇ ಉಳಿದರು.

ಕುಣಿಮಗ್ಗ

ರಾಮದುರ್ಗದಿಂದ. ನಮ್ಮದು ಮಲಪ್ರಭೆ, ನವಿಲುತೀರ್ಥ ಅಣೆಕಟ್ಟಿನ ಕೆಳಗೆ. 2019ರಲ್ಲಿ ನಿಮ್ಮಲ್ಲಿ ಆದದ್ದೇ ನಮ್ಮಲ್ಲೂ ಆಯಿತು.

ಕುಣಿಮಗ್ಗಕ್ಕೆ ನೀರು ಹೊಕ್ಕರೆ ಏನಾಗುತ್ತದೆ ಎಂದು ಪರಊರಿನವರಿಗೆ ತಿಳಿಯದು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮೊದಲು ತುಂಬುತ್ತದೆ, ಕೊನೆಗೆ ಖಾಲಿಯಾಗುತ್ತದೆ. ಓಣಿಯ ನೀರು ಇಳಿದು ಎಲ್ಲರೂ ಮನೆ ತೊಳೆಯುತ್ತಿದ್ದಾಗ ನಮ್ಮ ಕುಣಿಯಲ್ಲಿ ಇನ್ನೂ ನೀರು. ಬಕೀಟಿನಿಂದ ಎತ್ತಿದಷ್ಟೂ ನೆಲದ ಕೆಳಗಿನಿಂದ ಒಸರುತ್ತಿತ್ತು. ಮಗ್ಗದ ಮೇಲೆ ಹೂಡಿದ್ದ ಹಾಸಿನ ಎಳೆಗಳು ಗಂಜಿ ಬಿಟ್ಟುಕೊಂಡು ಹಗ್ಗವಾಗಿದ್ದವು. ಕತ್ತರಿಸಿ ಎಸೆಯದೆ ಬೇರೆ ದಾರಿ ಇರಲಿಲ್ಲ. ಮರದ ಚೌಕಟ್ಟು ಬಿಸಿಲಿಗೆ ಒಣಗಿ ಸೊಟ್ಟಗಾಯಿತು. ಸೊಟ್ಟ ಮಗ್ಗದಲ್ಲಿ ನೇಯ್ದರೆ ಸೀರೆಯ ಅಂಚು ಹಾವಿನಂತೆ ಹೋಗುತ್ತದೆ, ಸಾಹುಕಾರ ಕೈಯಲ್ಲಿ ಹಿಡಿಯುವುದಿಲ್ಲ.

ಆಗಿನ ವಿಪತ್ತು ಪರಿಹಾರದ ನಿಯಮದಲ್ಲಿ ಕುಶಲಕರ್ಮಿಯ ಉಪಕರಣಕ್ಕೆ 4,100 ರೂಪಾಯಿ, ಕಚ್ಚಾ ಸರಕಿಗೆ 4,100 ರೂಪಾಯಿ ಎಂದಿತ್ತು. ಅಂದರೆ ನೇಕಾರನ ಹೆಸರು ನಿಯಮದಲ್ಲಾದರೂ ಇತ್ತು. ಅಂಟು-ಉತ್ತತ್ತಿಯವರೇ, ನಿಮ್ಮ ಕಸುಬಿಗೆ ಅದೂ ಇಲ್ಲ. ಕಿರಾಣಿಯವನಿಗೆ, ಗಿರಣಿಯವನಿಗೆ, ಹೊಲಿಗೆ ಯಂತ್ರದವಳಿಗೆ ಅದೂ ಇಲ್ಲ. ಊರು ಎದ್ದು ನಿಲ್ಲುವುದು ಇವರಿಂದಲೇ. ಗಿರಣಿ ಶುರುವಾಗದ ಊರಿನಲ್ಲಿ ರೊಟ್ಟಿ ಎಲ್ಲಿಂದ ಬರಬೇಕು? ನೆರೆ ಇಳಿದ ಮೇಲೆ ನಮ್ಮ ಓಣಿಯಲ್ಲಿ ಮೊದಲು ಜೀವ ಬಂದದ್ದು ಹಿಟ್ಟಿನ ಗಿರಣಿಯವನು ಮೋಟಾರ್ ಬಿಚ್ಚಿ, ಒಣಗಿಸಿ, ಸುತ್ತಿಸಿಕೊಂಡು ಬಂದು ಸ್ವಿಚ್ ಹಾಕಿದ ದಿನ. ಅವನಿಗೆ ಸಿಕ್ಕ ಪರಿಹಾರ ಸೊನ್ನೆ.

ಎರೆಹೊಲ

ನಾನು ಕೊಣ್ಣೂರಿನ ಕಡೆಯವನು. ನರಗುಂದ ತಾಲ್ಲೂಕಿನ ಕೊಣ್ಣೂರು, ನಿಮ್ಮ ಗೋಕಾಕ ಫಾಲ್ಸ್ ಪಕ್ಕದ ಕೊಣ್ಣೂರಲ್ಲ. 2019ರಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಬಂದ್ ಆದದ್ದು ನಮ್ಮ ಸೇತುವೆಯ ಹತ್ತಿರವೇ.

ಸ್ಥಳಾಂತರ ಎನ್ನುವ ಅಕ್ಕನವರಿಗೆ 2009 ನೆನಪು ಮಾಡುತ್ತೇನೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕ ಪೂರ್ತಿ ನೆನೆದು ಕುಸಿಯಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ "ಆಸರೆ" ಯೋಜನೆ ಬಂತು. ದಾನಿಗಳು ಮನೆ ಕಟ್ಟಿಸಿದರು, ಸರ್ಕಾರ ಜಾಗ ಕೊಟ್ಟಿತು. ಹಲವು ಕಡೆ ಇಂದಿಗೂ ಹೋಗಿ ನೋಡಬಹುದು: ಮನೆಯ ಬಾಗಿಲು ಇಲ್ಲ, ಕಿಟಕಿ ಇಲ್ಲ, ಒಳಗೆ ಜಾಲಿ ಕಂಟಿ ಬೆಳೆದಿದೆ, ಇಲ್ಲವೇ ಯಾರೋ ಮೇವು ಒಟ್ಟಿದ್ದಾರೆ. ಜನ ಏಕೆ ಹೋಗಲಿಲ್ಲ? ದನ ಕಟ್ಟಲು ಜಾಗವಿಲ್ಲ. ಬಣವೆ ಒಟ್ಟಲು ಜಾಗವಿಲ್ಲ. ಹೊಲ ಹೊಳೆಯ ಪಕ್ಕ, ಮನೆ ಮಡ್ಡಿಯ ಮೇಲೆ. ನಾಲ್ಕು ಒಲೆಯ ಕುಟುಂಬಕ್ಕೆ ಒಂದು ಕೋಣೆಯಷ್ಟು ಮನೆ.

ನಮ್ಮಲ್ಲಿ ಜೋಳ ಇಡುವುದು ಹಗೇವಿನಲ್ಲಿ, ನೆಲದ ಒಳಗೆ. ನೆರೆ ಇಳಿದ ಮೇಲೆ ಹಗೇವಿನ ಬಾಯಿ ತೆಗೆದಾಗ ಬಂದ ವಾಸನೆಗೆ ಓಣಿಯಲ್ಲಿ ಯಾರೂ ನಿಲ್ಲಲಿಲ್ಲ. ಕೊಳೆತ ಜೋಳವನ್ನು ಬುಟ್ಟಿಯಲ್ಲಿ ಎತ್ತಿ ಎತ್ತಿ ತಿಪ್ಪೆಗೆ ಹಾಕಿದೆವು. ಹೊಸ ಬಡಾವಣೆಯಲ್ಲಿ ಹಗೇವು ತೋಡಲಿಕ್ಕೆ ಜಾಗ ಎಲ್ಲಿ ಎಂದು ನಮ್ಮ ಕಾಕಾ ಎಂಜಿನಿಯರ್‌ಗೆ ಕೇಳಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಪಾಪ, ಆ ಹುಡುಗ ಬೆಂಗಳೂರಿನವನು.

ಇನ್ನೊಂದು ಮಾತು, ಬೈದರೂ ಪರವಾಗಿಲ್ಲ. ಮಲಪ್ರಭೆಯಲ್ಲಿ ವರ್ಷಗಟ್ಟಲೆ ನೀರು ಕಾಣದಾಗ ನಾವೇ ಹೊಳೆಯ ಪಾತ್ರದೊಳಗೆ ಕಬ್ಬು ಹಚ್ಚಿದೆವು. ಹೊಳೆ ಹಳ್ಳವಾಯಿತು. ಆಮೇಲೆ ನೀರು ಬಂದಾಗ ಊರಿನೊಳಗೆ ಬಂತು ಎಂದು ಅತ್ತೆವು.

ನಿವೃತ್ತ ಓವರ್ಸಿಯರ್

ಎರೆಹೊಲದವರು ಹೇಳಿದ್ದು ಅಕ್ಷರಶಃ ಸತ್ಯ. ಗಡಿಕಲ್ಲು ಹಾಕಲು ಹೋದ ಸರ್ವೆಯವರನ್ನು ಓಡಿಸಿದ ಊರುಗಳ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ತಡೆಗೋಡೆ ಪಕ್ಷ

ಅತಿಕ್ರಮಣ ಮಾಡಿದವರು ದೊಡ್ಡವರು. ಎಬ್ಬಿಸುವುದು ಸಣ್ಣವರನ್ನು. ಇದನ್ನೂ ಬರೆಯಿರಿ.

ಮೂರನೇ ಒಲೆ

ನಾನು 2019ರ ಮನೆ ಸಮೀಕ್ಷೆಯಲ್ಲಿ ಕೆಲಸ ಮಾಡಿದವಳು, ಹುದ್ದೆ ಕೇಳಬೇಡಿ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಪೂರ್ತಿ ಬಿದ್ದ ಮನೆಗೆ ಕೇಂದ್ರದ ಆಗಿನ ನಿಯಮದಂತೆ 95,100 ರೂಪಾಯಿ ಇತ್ತು. ರಾಜ್ಯ ಸರ್ಕಾರ ಅದಕ್ಕೆ ಕೂಡಿಸಿ 5 ಲಕ್ಷ ಕೊಡುತ್ತೇನೆ ಎಂದಿತು. ಎ, ಬಿ, ಸಿ ಎಂದು ಮೂರು ವರ್ಗ. ಮುಕ್ಕಾಲಿಗಿಂತ ಹೆಚ್ಚು ಹಾನಿ ಎ, ಕಾಲಿನಿಂದ ಮುಕ್ಕಾಲು ಬಿ, ಅದಕ್ಕಿಂತ ಕಡಿಮೆ ಸಿ. ಎ ಮತ್ತು ಸಿ ನಡುವೆ ಲಕ್ಷಗಳ ಅಂತರ. ಹಾಗಾಗಿ ಊರಿನ ಎಲ್ಲ ಜಗಳ, ಎಲ್ಲ ಶಿಫಾರಸು, ಎಲ್ಲ ಕಣ್ಣೀರು ಆ ಒಂದು ಅಕ್ಷರದ ಮೇಲೆ.

ಮಣ್ಣಿನ ಗೋಡೆಯ ಮನೆ ನೀರಿನಲ್ಲಿ ಇದ್ದಾಗ ಬೀಳುವುದು ಕಡಿಮೆ. ನೀರು ಇಳಿದು ಬಿಸಿಲು ಬಿದ್ದು, ಬುಡದ ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಕುಸಿಯುತ್ತದೆ. ನಾವು ಸಮೀಕ್ಷೆಗೆ ಹೋದದ್ದು ಅದಕ್ಕೆ ಮೊದಲು. ಮೇಲಿನಿಂದ ಅವಸರ, ಬೇಗ ಪಟ್ಟಿ ಕಳಿಸಿ ಎಂದು. ಗೋಡೆ ನಿಂತಿತ್ತು, ಸಿ ಎಂದು ಬರೆದೆವು. ಹದಿನೈದು ದಿನ ಬಿಟ್ಟು ಆ ಮನೆ ಮಲಗಿತು. ಕಂಪ್ಯೂಟರ್‌ನಲ್ಲಿ ಅದು ಸಿ ಎಂದೇ ಉಳಿಯಿತು. ಬದಲಿಸಬೇಕಾದರೆ ತಾಲ್ಲೂಕು, ಜಿಲ್ಲೆ, ಆಮೇಲೆ ವಸತಿ ನಿಗಮದ ತಂತ್ರಾಂಶ ತೆರೆಯಬೇಕು. ಅದು ತೆರೆದಿರುವ ದಿನ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಇನ್ನೊಂದು, ಒಂದು ಮನೆ ಸಂಖ್ಯೆಗೆ ಒಂದು ಪರಿಹಾರ. ಒಳಗೆ ಅಣ್ಣತಮ್ಮಂದಿರ ಮೂರು ಒಲೆ ಇದ್ದರೂ ಒಂದೇ. ಹಣ ಹಿರಿಯನ ಖಾತೆಗೆ ಬೀಳುತ್ತದೆ. ಅಡಿಪಾಯದ ಫೋಟೊ, ಗೋಡೆಯ ಫೋಟೊ, ಛಾವಣಿಯ ಫೋಟೊ ಹಾಕಿದ ಹಾಗೆ ಕಂತು ಬಿಡುಗಡೆ. ತಮ್ಮಂದಿರು ತಗಡಿನ ಶೆಡ್‌ನಲ್ಲೇ ಉಳಿದರು. ಅವರಲ್ಲಿ ಒಬ್ಬ ಹೆಂಡತಿಯ ತವರಿಗೆ ಹೋದ, ಒಬ್ಬ ಗೋವಾಕ್ಕೆ ದುಡಿಯಲು ಹೋದ. ಪಟ್ಟಿಯಲ್ಲಿ ಆ ಕುಟುಂಬ "ಪುನರ್ವಸತಿ ಪೂರ್ಣ".

ಹೊಳೆದಂಡೆಯವಳು

ಮೂರನೇ ಒಲೆ ಅಕ್ಕಾ, ಇದನ್ನು ಓದಿ ಫೋನ್ ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ. ನಮ್ಮ ಪಕ್ಕದ ಮನೆಯ ಕಥೆ ಇದೇ.

ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ತಗ್ಗಿನ ಓಣಿ ಅಲ್ಲಿರಬಾರದು. ಆದರೆ ಯಾರನ್ನು ಎಣಿಸುತ್ತಾರೆ ಎಂಬುದು ತೀರ್ಮಾನವಾಗದೆ ಸ್ಥಳಾಂತರಕ್ಕೆ ಸಹಿ ಹಾಕಬೇಡಿ ಎಂದು ಓಣಿಯಲ್ಲಿ ಹೇಳುತ್ತೇನೆ. ಮೊದಲು ಒಲೆ ಲೆಕ್ಕ, ಆಮೇಲೆ ನಿವೇಶನ ಲೆಕ್ಕ. ಬಾಡಿಗೆಯವರ ಪಟ್ಟಿ, ಕಸುಬಿನವರ ಪಟ್ಟಿಯನ್ನು ಬಿಸಿಲು ಇರುವಾಗಲೇ ನಾವೇ ಮಾಡಿ ನಗರಸಭೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯೋಣ. ನೀರು ಬಂದ ಮೇಲೆ ಯಾರಿಗೂ ಕೇಳುವ ಪುರುಸೊತ್ತು ಇರುವುದಿಲ್ಲ.

ಮೂರನೇ ಒಲೆ ಅಕ್ಕಾ, ಬಾಡಿಗೆಯವರು ಏನೇನು ಕಾಗದ ಇಟ್ಟುಕೊಂಡಿರಬೇಕು?

ಮೂರನೇ ಒಲೆ

ಪಡಿತರ ಚೀಟಿಯಲ್ಲಿ ಈಗಿನ ವಿಳಾಸ ಇರಲಿ. 2019ರಲ್ಲಿ 10,000 ರೂಪಾಯಿಯ ತುರ್ತು ಪರಿಹಾರಕ್ಕೆ ನೀರು ಹೊಕ್ಕ ಮನೆಯಲ್ಲಿ ನೀವೇ ವಾಸವಿದ್ದೀರಿ ಎಂದು ತೋರಿಸಬೇಕಾಗಿತ್ತು, ಬಹಳ ಬಾಡಿಗೆಯವರು ಸಿಕ್ಕಿಬಿದ್ದದ್ದು ಅಲ್ಲೇ. ಕರೆಂಟ್ ಬಿಲ್ಲಿನ ನಕಲು. ಬಾಂಡ್ ಪೇಪರ್ ಮೇಲೆ ಬಾಡಿಗೆ ಕರಾರು. ಕಸುಬಿನವರು ಸರಕಿನ ಖರೀದಿ ಚೀಟಿಗಳ ಫೋಟೊ ತೆಗೆದು ಬೇರೆ ಊರಿನ ನೆಂಟರ ಮೊಬೈಲ್‌ಗೆ ಕಳಿಸಿ ಇಡಿ. ಚೀಟಿಗಳೇ ತೇಲಿ ಹೋದರೆ ಏನು ತೋರಿಸುತ್ತೀರಿ? ಮಣ್ಣಿನ ಮನೆಯವರು ನೀರು ಇಳಿದ ದಿನ ಒಂದು ಫೋಟೊ, ಎರಡು ವಾರ ಬಿಟ್ಟು ಅದೇ ಗೋಡೆಯ ಇನ್ನೊಂದು ಫೋಟೊ ತೆಗೆಯಿರಿ. ಮೇಲ್ಮನವಿಗೆ ಬೇಕಾಗುತ್ತದೆ.

ಅಂಟು-ಉತ್ತತ್ತಿ

ಕರಾರಿನ ಮಾತು ನಿನ್ನೆಯೇ ಮಾಲೀಕರಿಗೆ ಕೇಳಿದೆ ಅಕ್ಕಾ. "ಬಾಯಿಮಾತಿನಲ್ಲಿ ಇಷ್ಟು ವರ್ಷ ನಡೆದಿಲ್ಲವೇ, ಈಗೇಕೆ ಕಾಗದ" ಎಂದರು. ಕರಾರು ಮಾಡಿದರೆ ವ್ಯಾಪಾರದ ಕಟ್ಟಡ ಎಂದು ತೆರಿಗೆ ಏರುತ್ತದೆ ಎಂಬ ಹೆದರಿಕೆ ಅವರಿಗೆ. ಒತ್ತಾಯ ಮಾಡಿದರೆ ಖಾಲಿ ಮಾಡು ಎನ್ನುತ್ತಾರೆ ಎಂಬ ಹೆದರಿಕೆ ನನಗೆ. ಮಾಲೀಕರ ಸಹಿ ಇಲ್ಲದೆ, ಓಣಿಯ ಹತ್ತು ಜನರ ಸಾಕ್ಷಿ ಸಹಿಯ ಮೇಲೆ ನಗರಸಭೆಯವರು ಹೆಸರು ಬರೆದುಕೊಳ್ಳುತ್ತಾರೆಯೇ? ಗೊತ್ತಿದ್ದವರು ಹೇಳಿ.

ನಿವೃತ್ತ ಓವರ್ಸಿಯರ್

ಸೋಮವಾರ ಬೆಳಿಗ್ಗೆ ನಗರಸಭೆಯ ಹತ್ತಿರ ಬನ್ನಿ ತಮ್ಮಾ, ನಾನೂ ಬರುತ್ತೇನೆ. ಬರುವಾಗ ವ್ಯಾಪಾರ ಪರವಾನಗಿಯ ಹಳೆ ರಸೀದಿ ಇದ್ದರೆ ತನ್ನಿ, ಸಾಕ್ಷಿಗಿಂತ ಅದು ಗಟ್ಟಿ.

ಅಂಟು-ಉತ್ತತ್ತಿ

ಒಂದು ಇದೆ ಸರ್, 2018ರದು. ನೀರಿನಲ್ಲಿ ನೆನೆದು ಅರ್ಧ ಅಕ್ಷರ ಅಳಿಸಿದೆ. ನಡೆಯುತ್ತದೆಯೇ?